ಹುಲಿಗೆಮ್ಮನ ಲ್ಯಾಪ್‌ಟಾಪಿಗೆ ನಾನು ಹಾಕಿದ ಬೀಗ

ಹುಲಿಗೆಮ್ಮ, ಆ ಹಳೆಯ ಲ್ಯಾಪ್‌ಟಾಪನ್ನು ನಿನಗೆ ಮಾರಿದವನು ನಾನೇ. ಅದಕ್ಕೆ ಬೀಗ ಹಾಕಿದವನೂ ನಾನೇ. ಅದು ಕದ್ದ ಮಾಲು ಎಂದು ನನ್ನ ಅಂಗಡಿಯ ಕೌಂಟರಿನ ಹಿಂದೆ ನಿಂತು, ನಾಲ್ಕು ಜನರ ಎದುರು ಹೇಳಿದ್ದು ಹಸಿ ಸುಳ್ಳು. ಲಿಂಗಸುಗೂರಿನ ಶಾಲೆಯ ನೌಕರಿ ನಿನಗೆ ತಪ್ಪಿದ್ದು ನನ್ನ ಬಾಯಿಂದ. ಇಷ್ಟನ್ನು ಹೇಳಲು ನನಗೆ ಆರು ವರ್ಷ ಬೇಕಾಯಿತು.

ಇದರಲ್ಲಿ ಅರ್ಧ ನಿನಗೆ ಗೊತ್ತಿರುವುದೇ. ಉಳಿದರ್ಧ — ಆ ಶಾಲೆಯಿಂದ ಬಂದ ಫೋನಿನಲ್ಲಿ ನಾನಾಡಿದ ಮಾತು — ನಿನಗೆ ಗೊತ್ತಿದೆಯೋ ಇಲ್ಲವೋ ನನಗೆ ತಿಳಿಯದು. ನಿನಗೊಬ್ಬಳಿಗೇ ಬರೆದು ಲಕೋಟೆಯಲ್ಲಿಟ್ಟು ಅಂಟಿಸಿಬಿಡಬಹುದಿತ್ತು. ಆದರೆ ನಿನ್ನ ಮಾನ ಕಳೆದದ್ದು ನಾಲ್ಕು ಜನರೆದುರು. ತಪ್ಪೊಪ್ಪಿಗೆ ಮಾತ್ರ ಗುಟ್ಟಿನಲ್ಲಿ ಎಂದರೆ ಅದೂ ಒಂದು ಮೋಸವೇ. ಅದಕ್ಕೇ ಬೇರೆಯವರಿಗೂ ತಿಳಿಯುವ ಹಾಗೆ ಮೊದಲಿಂದ ಹೇಳುತ್ತೇನೆ.

ನನ್ನ ಹೆಸರು ವೀರೇಶ. ಸಿಂಧನೂರು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ, ಒಳಕೋಣೆಯಲ್ಲಿ ಟೈಪಿಂಗ್ ಕ್ಲಾಸು. ಹೈದರಾಬಾದಿನ ಆಫೀಸುಗಳು ಬಳಸಿ ಹೊರಹಾಕಿದ ಲ್ಯಾಪ್‌ಟಾಪುಗಳನ್ನು ಒಟ್ಟೊಟ್ಟಿಗೆ ತಂದು, ಅವುಗಳ ಮೇಲಿನ ಸ್ಟಿಕ್ಕರನ್ನು ಥಿನ್ನರ್ ಹಚ್ಚಿ ಕೆರೆದು, ಒರೆಸಿ, ಮಾರುವುದು ನನ್ನ ಧಂದೆ. ಹಾಗೆ ಬರುವ ಮಷೀನುಗಳಲ್ಲಿ ಹಲವಕ್ಕೆ ಬಯೋಸ್ ಪಾಸ್‌ವರ್ಡ್ ಇರುತ್ತದೆ. ವಿಂಡೋಸ್ ಕಣ್ಣು ಬಿಡುವುದಕ್ಕೂ ಮೊದಲೇ ಕಪ್ಪು ಪರದೆಯ ಮೇಲೆ ಒಂದು ಸಣ್ಣ ಬೀಗದ ಚಿತ್ರ, ಪಕ್ಕದಲ್ಲಿ ಖಾಲಿ ಚೌಕ. ಆ ಬೀಗ ಹಾರ್ಡ್‌ಡಿಸ್ಕಿನಲ್ಲಿ ಇರುವುದಿಲ್ಲ, ಬೋರ್ಡಿನ ಮೇಲಿನ ಒಂದು ಚಿಪ್ಪಿನಲ್ಲಿ ಇರುತ್ತದೆ. ಡಿಸ್ಕ್ ಬದಲಿಸಿದರೂ ಹೋಗದು, ವಿಂಡೋಸ್ ಹೊಸದು ಹಾಕಿದರೂ ಹೋಗದು. ಮಷೀನಿನ ಹೊಟ್ಟೆ ಬಿಚ್ಚಿ, ಆ ಚಿಪ್ಪಿನ ಎರಡು ಕಾಲುಗಳಿಗೆ ಸರಿಯಾದ ಗಳಿಗೆಯಲ್ಲಿ ಸೂಜಿ ತಾಗಿಸಬೇಕು. ಒಂದು ಕೂದಲೆಳೆ ತಪ್ಪಿದರೆ ಮಷೀನು ಸತ್ತಿತು. ಸುತ್ತಲಿನ ಮೂರು ತಾಲೂಕಿನಲ್ಲಿ ಈ ಕೆಲಸ ಬರುತ್ತಿದ್ದದ್ದು ನನಗೊಬ್ಬನಿಗೆ. ಮುದಗಲ್ಲಿನಿಂದಲೂ ಮಷೀನು ಹೊತ್ತು ಬರುತ್ತಿದ್ದರು. ಬೀಗದ ಸರ್ ಎಂದು ಕರೆಯುತ್ತಿದ್ದರು. ಕರೆಸಿಕೊಳ್ಳಲು ನನಗೆ ಭಾರಿ ಖುಷಿ.

ಯಾರಿಗೂ ಹೇಳದ ಒಂದು ಪದ್ಧತಿ ನನ್ನದಿತ್ತು. ಆಫೀಸಿನವರ ಬೀಗ ತೆಗೆದ ಮೇಲೆ, ಮಾರುವ ಮುಂಚೆ ನನ್ನದೇ ಒಂದು ಬೀಗ ಹಾಕುತ್ತಿದ್ದೆ. ದಿನನಿತ್ಯದ ಬಳಕೆಯಲ್ಲಿ ಅದು ಮಲಗಿರುತ್ತದೆ, ಕೊಂಡವನಿಗೆ ಅದರ ಸುಳಿವೇ ಇರುವುದಿಲ್ಲ. ಬೇರೆ ಅಂಗಡಿಯವನು ಒಳಗೆ ಕೈಯಾಡಿಸಲು ಹೋದಾಗ ಎದ್ದು ಕೂತು ಪದ ಕೇಳುತ್ತದೆ. ಆಗ ಗಿರಾಕಿ ಎಲ್ಲಿಗೆ ಹೋಗಬೇಕು? ನನ್ನ ಬಳಿಗೇ ಬರಬೇಕು. ಎಮ್ಮೆ ಮಾರಿದರೂ ಹಗ್ಗ ನನ್ನ ಕೈಯಲ್ಲೇ. ಹಳೆ ಮಾಲಿಗೆ ಬಿಲ್ಲು ಕೊಡುವ ರೂಢಿಯೂ ಇರಲಿಲ್ಲ. ಯಾರಾದರೂ ಕೇಳಿದರೆ ಎದೆ ತಟ್ಟಿ ಹೇಳುತ್ತಿದ್ದೆ: "ನನ್ನ ಮಾತ ಬಿಲ್ಲು." ಪದ ನೆನಪಿರಲೆಂದು ಗಿರಾಕಿಯ ಊರಿನ ಹೆಸರನ್ನೇ ಇಡುತ್ತಿದ್ದೆ. ದಢೇಸುಗೂರಿನವನ ಮಷೀನಿಗೆ ದಢೇಸುಗೂರು. ನಿನಗೂ ತುರ್ವಿಹಾಳ ಎಂದು ಇಟ್ಟಿದ್ದರೆ —

ಇಡಲಿಲ್ಲ.

ನೀನು ತುರ್ವಿಹಾಳದಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದೆ. ನಿನ್ನ ಅವ್ವ ಕಂಡವರ ಗದ್ದೆಯಲ್ಲಿ ಭತ್ತದ ನಾಟಿಗೆ ಹೋಗುವವಳು. ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ಬಗ್ಗಿ ಬೆನ್ನು ನೆಟ್ಟಗೆ ಮಾಡಲಾರದವಳಾಗಿದ್ದಳು. ಕ್ಲಾಸಿಗೆ ಸೇರಿದ ದಿನ ಯಾಕೆ ಕಲಿಯುತ್ತೀ ಎಂದು ಕೇಳಿದೆ. ಎಲ್ಲರೂ ಸರ್ಕಾರಿ ನೌಕರಿ, ಪರೀಕ್ಷೆ ಎಂದರು. ನೀನು ಹೇಳಿದೆ: "ಒಂದು ನೌಕರಿ ಆತಂದ್ರ ಅವ್ವನ್ನ ನಾಟಿ ಬಿಡಸ್ತೀನಿ ಸರ್." ನಾನು ತಲೆಯಾಡಿಸಿದೆ. ನನ್ನ ಕಣ್ಣಿದ್ದದ್ದು ಮಾತ್ರ ನಿನ್ನ ಕೈಯ ಮೇಲೆ.

ನಿನ್ನ ಬೆರಳುಗಳ ಮೇಲೆ, ಮುಂಗೈ ಮೇಲೆ, ತುಟಿಯ ಒಂದು ಅಂಚಿನಲ್ಲಿ ಬಿಳಿ ಮಚ್ಚೆ. ಅದು ಅಂಟುವ ರೋಗವಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡಿದ್ದನ್ನು ಹೇಳುತ್ತೇನೆ. ಮೂಲೆಯ ಮಷೀನನ್ನು ನಿನಗೆಂದೇ ಇಟ್ಟೆ, ಅದರ ಕೀಬೋರ್ಡಿನ ಅಂಚಿಗೆ ಕೆಂಪು ಟೇಪ್ ಅಂಟಿಸಿದೆ. ಅದರ ಕೀಲಿಗಳು ಹಿಡಿಯುತ್ತವೆ, ನೀವು ಕೂರಬೇಡಿ ಎಂದು ಉಳಿದವರಿಗೆ ಹೇಳಿದೆ. ಹೊಸಬರ ಬೆರಳು ಹಿಡಿದು ಸರಿಯಾದ ಕೀಲಿಯ ಮೇಲೆ ಇಟ್ಟು ಕಲಿಸುವುದು ನನ್ನ ಕ್ರಮ. ನಿನ್ನೊಬ್ಬಳಿಗೆ ಮಾತ್ರ ಮರದ ಸ್ಕೇಲಿನ ತುದಿಯಿಂದ ತೋರಿಸಿದೆ. ನೀನು ಹೋದ ಮೇಲೆ ಹಳದಿ ಬಟ್ಟೆಯಿಂದ ಕೀಬೋರ್ಡ್ ಒರೆಸುತ್ತಿದ್ದೆ. ಒಂದು ದಿನ ಛತ್ರಿ ಮರೆತು ವಾಪಸ್ಸು ಬಂದ ನೀನು ಬಾಗಿಲಲ್ಲೇ ನಿಂತು ಅದನ್ನು ನೋಡಿದೆ. ನಾನು ಒರೆಸುವುದನ್ನು ನಿಲ್ಲಿಸಲೂ ಇಲ್ಲ. ಮರುದಿನದಿಂದ ನೀನೇ ಏಳುವಾಗ ನಿನ್ನ ಓಡಣಿಯಿಂದ ಕೀಬೋರ್ಡ್ ಒರೆಸಿ ಹೋಗತೊಡಗಿದೆ. ನನಗೆ ಒಂದು ಕೆಲಸ ಉಳಿಯಿತು ಎಂದುಕೊಂಡೆ.

ಕ್ಲಾಸಿನಲ್ಲಿ ನಾನೊಂದು ಆಟ ಆಡಿಸುತ್ತಿದ್ದೆ. ಪರದೆಯನ್ನು ಗೋಡೆಯ ಕಡೆ ತಿರುಗಿಸಿ, ಕೀಬೋರ್ಡ್ ಎಲ್ಲರಿಗೂ ಕಾಣುವಂತೆ ಇಟ್ಟು, ಒಂದು ಪದ ಟೈಪ್ ಮಾಡುವುದು. ಬೆರಳು ನೋಡಿಯೇ ಪದ ಹೇಳಬೇಕು. ಮುಗಿಸಿ, "ಓದಿದ್ರೇನು?" ಎಂದು ಕೇಳುತ್ತಿದ್ದೆ. ಉಳಿದವರು ನಾಲ್ಕು ಸಲ ಮಾಡಿಸಿಕೊಂಡು ಎರಡು ಅಕ್ಷರ ಹೇಳುತ್ತಿದ್ದರು. ನೀನು ಮೂಲೆಯಿಂದಲೇ ಮೊದಲ ಸಲಕ್ಕೆ ಹೇಳಿಬಿಡುತ್ತಿದ್ದೆ. ಬೇಕೆಂದೇ ಜೋರಾಗಿ ಟೈಪ್ ಮಾಡಿದರೂ ತಪ್ಪುತ್ತಿರಲಿಲ್ಲ. ಹದಿನೈದು ವರ್ಷದಲ್ಲಿ ನನಗೆ ಸಿಕ್ಕ ಒಬ್ಬಳೇ ಒಬ್ಬಳು ಅಂಥ ವಿದ್ಯಾರ್ಥಿನಿ ನೀನು. ಒಂದು ಸಲವೂ ಶಹಬ್ಬಾಸ್ ಎನ್ನಲಿಲ್ಲ.

ಕಲಿತು ಮುಗಿದ ಮೇಲೆ ನೀನು ಲ್ಯಾಪ್‌ಟಾಪ್ ಬೇಕೆಂದು ನನ್ನ ಬಳಿಗೇ ಬಂದೆ. ಮಸ್ಕಿಯಲ್ಲಿ ಒಂದು ಸಣ್ಣ ಖೋಲಿ ಹಿಡಿದು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಹಾಕುತ್ತೇನೆ ಎಂದೆ. ದಪ್ಪಗಿನ, ಕರಿಯ, ಗಟ್ಟಿ ಮಷೀನೊಂದನ್ನು ನೀನೇ ಆರಿಸಿದೆ. ನಾಳೆ ಬಾ, ರೆಡಿ ಮಾಡಿ ಇಡುತ್ತೇನೆ ಎಂದು ನಾನು ಕಳಿಸಿದೆ. ಪಕ್ಕದ ಝೆರಾಕ್ಸ್ ಅಂಗಡಿಯ ಗಂಗಾಧರ — ನನ್ನ ಗೆಳೆಯ — ಅಲ್ಲೇ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಬೀಗದ ಪದ ಹಾಕುವ ಹೊತ್ತಿಗೆ, "ಏನಂತ ಇಡಲಿ ಇಕಿಗೆ?" ಎಂದು ಸುಮ್ಮನೆ ಕೇಳಿದೆ. ಅವನು ನಿನ್ನ ಕೈಮೇಲಿನ ಮಚ್ಚೆಗೆ ಊರವರ ಬಾಯಲ್ಲಿರುವ ಹೆಸರನ್ನು ಹೇಳಿ ನಕ್ಕ. ನಾನೂ ನಕ್ಕೆ. ನಕ್ಕು ಸುಮ್ಮನಾಗಬಹುದಿತ್ತು. ನಾನು ಅದನ್ನೇ ಟೈಪ್ ಮಾಡಿದೆ. ತೊನ್ನು. ಇಂಗ್ಲಿಷಿನ ಐದು ಅಕ್ಷರ. ಖಾತ್ರಿ ಮಾಡಲು ಮಷೀನು ಎರಡನೇ ಸಲ ಕೇಳಿತು, ಎರಡನೇ ಸಲವೂ ಟೈಪ್ ಮಾಡಿದೆ. ಈ ಪದವನ್ನು ಇಲ್ಲಿ ಇನ್ನೊಮ್ಮೆ ಬರೆಯುವುದಿಲ್ಲ.

ಮರುದಿನ ನೀನು ಬಂದು ಮಷೀನನ್ನು ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡೆ. ಬಿಲ್ಲು ಕೇಳಿದೆ. ನಾನು ಎದೆ ತಟ್ಟಿದೆ.

ಮಸ್ಕಿಯ ಅಂಗಡಿ ಶುರುವಾದ ದಿನ ನಾನೇ ಬಂದು ರಿಬ್ಬನ್ ಕತ್ತರಿಸಬೇಕೆಂದು ನೀನು ಕರೆದಿದ್ದೆ. ನಾನು ಕೆಲಸ ಇದೆ ಎಂದೆ. ಎರಡು ದಿನ ಬಿಟ್ಟು ನೀನೇ ಪೇಡೆಯ ಡಬ್ಬಿ ಹಿಡಿದು ಬಂದು ಕೌಂಟರಿನ ಮೇಲಿಟ್ಟು, ಬಗ್ಗಿ ನಮಸ್ಕಾರ ಮಾಡಿ ಹೋದೆ. ಗಂಗಾಧರ ಡಬ್ಬಿಯನ್ನು ರಟ್ಟಿನ ತುಂಡಿನಿಂದ ತಳ್ಳುತ್ತಾ ಕಸದ ಬುಟ್ಟಿಗೆ ಕೆಡವಿದ. ನಾನು ನೋಡುತ್ತಾ ನಿಂತಿದ್ದೆ.

ನಿನ್ನ ಅಂಗಡಿ ನಡೆಯಿತು. ಅರ್ಜಿಗೆಂದು ಸಿಂಧನೂರಿಗೆ ಬರುತ್ತಿದ್ದ ಮಸ್ಕಿ ಕಡೆಯ ಮಂದಿ ನಿಧಾನವಾಗಿ ನನ್ನಲ್ಲಿ ಬರುವುದು ಬಿಟ್ಟರು. ಬಂದ ಒಬ್ಬಿಬ್ಬರು ನಿನ್ನ ಹೊಗಳಿಕೆ ಹೊತ್ತು ಬರುತ್ತಿದ್ದರು: ಹುಡುಗಿ ಒಂದು ತಪ್ಪು ಮಾಡಂಗಿಲ್ಲ, ಬಡಬಡ ಮಾಡಿ ಕೊಡತಾಳ, ನಿಮ್ಮ ಶಿಷ್ಯಾ ಅಂತಲ್ರಿ ಸರ್? ಹೌದು ಎನ್ನುವಾಗ ನನ್ನ ಬಾಯಿ ಕಹಿಯಾಗುತ್ತಿತ್ತು. ಬಸ್ಸಿನಲ್ಲಿ ಕೂತು ಬಂದು, ನನ್ನ ಮೂಲೆಯಲ್ಲಿ, ಕೆಂಪು ಟೇಪಿನ ಕೀಬೋರ್ಡಿನ ಮೇಲೆ ಕಲಿತವಳು — ಅವಳ ಹೆಸರಿಗೆ ನನ್ನ ಹೆಸರು ಬಾಲವಾಗಬೇಕೆ? ಹೊಟ್ಟೆಕಿಚ್ಚು ಎಂಬ ಪದವನ್ನು ಆಗ ನಾನು ಒಪ್ಪುತ್ತಿರಲಿಲ್ಲ. ಈಗ ಬೇರೆ ಪದ ಹುಡುಕುವುದಿಲ್ಲ.

ಆ ಶನಿವಾರಕ್ಕೆ ಬರುತ್ತೇನೆ.

ನೀನು ಬೆವೆತು ಬಂದಿದ್ದೆ, ಮಷೀನನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗೆ ಹಿಡಿದಿದ್ದೆ. ಅಂಗಡಿಯಲ್ಲಿ ಗಂಗಾಧರ, ಮಸ್ಕಿಯ ಗೊಬ್ಬರದ ಅಂಗಡಿಯವನೊಬ್ಬ, ಪ್ರಿಂಟರ್ ತಂದಿದ್ದ ಮತ್ತಿಬ್ಬರು ಇದ್ದರು.

"ಸರ್, ಡೇಟ್ ತಪ್ಪೈತಿ ಅಂತ ತೋರಸಾಕತ್ತೈತಿ. ಆಮ್ಯಾಲೆ ಪಾಸ್‌ವರ್ಡ್ ಕೇಳತೈತಿ. ನಾ ಹಾಕಿದ್ದಲ್ಲ ಸರ್ ಅದು," ಎಂದೆ. "ಸೋಮವಾರ ಲಿಂಗಸುಗೂರಿನ ಸಾಲ್ಯಾಗ ಕಂಪ್ಯೂಟರ್ ಟೀಚರ್ ಇಂಟರ್‌ವ್ಯೂ ಐತ್ರಿ. ನಮ್ಮ ಲ್ಯಾಪ್‌ಟಾಪ್ ಮ್ಯಾಲ ಪಾಠ ಮಾಡಿ ತೋರಸಬೇಕಂತ. ನಿಮ್ಮ ಹೆಸರು ಬರದೀನಿ ಸರ್ ಅರ್ಜಿಯಾಗ, ಕಲಿಸಿದವರು ಅಂತ."

ಏನಾಗಿದೆ ಎಂದು ನೋಡುತ್ತಲೇ ತಿಳಿಯಿತು. ಒಳಗಿನ ಗುಂಡಿಯಂಥ ಸಣ್ಣ ಸೆಲ್ ಸತ್ತಿತ್ತು. ಸೆಲ್ ಸತ್ತರೆ ಮಷೀನು ತಾರೀಖು ಮರೆಯುತ್ತದೆ. ತಾರೀಖು ಮರೆತರೆ ಒಳಗೆ ಹೋಗಿ ಸರಿಪಡಿಸು ಎನ್ನುತ್ತದೆ. ಒಳಗೆ ಹೋಗಲು ಮಲಗಿದ್ದ ನನ್ನ ಬೀಗ ಎದ್ದು ಪದ ಕೇಳುತ್ತದೆ. ಐದು ಅಕ್ಷರದ ಕೆಲಸ. ನಾನು ಮಷೀನನ್ನು ಹತ್ತಿರ ಎಳೆದುಕೊಂಡು, ರೂಢಿಬಲದಿಂದ ಟೈಪ್ ಮಾಡತೊಡಗಿದೆ. ಮೂರು ಅಕ್ಷರ ಒತ್ತಿ ತಲೆ ಎತ್ತಿದೆ.

ನೀನು ನನ್ನ ಬೆರಳು ನೋಡುತ್ತಿದ್ದೆ. ಕ್ಲಾಸಿನಲ್ಲಿ ನೋಡುತ್ತಿದ್ದ ಹಾಗೆಯೇ, ತುಟಿ ತುಸು ತೆರೆದು, ಅಕ್ಷರ ಕೂಡಿಸುತ್ತಾ.

ನನ್ನ ಕೈ ನಿಂತಿತು. ಒತ್ತಿದ್ದನ್ನು ಅಳಿಸಿದೆ. ಸಂಜೆ ಬಾ, ಮಾಡಿ ಇಡುತ್ತೇನೆ ಎಂದರೆ ಮುಗಿಯುತ್ತಿತ್ತು. ನೀನು ಆಚೆ ಹೋದ ಮೇಲೆ ಬೀಗ ತೆಗೆದು, ಹೊಸ ಸೆಲ್ ಹಾಕಿ ಕೊಟ್ಟಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಇದು ಖರೆ. ಆದರೆ ಬಾಯಿಂದ ಬಂದದ್ದು ಬೇರೆ.

"ಇದು ನಮ್ಮ ಅಂಗಡಿ ಮಾಲಲ್ಲ," ಎಂದೆ.

"ಸರ್, ನೀವ ಕೊಟ್ಟೀರಿ."

"ಬಿಲ್ಲು ಐತೇನು?"

"ನೀವ ಅಂದಿದ್ರಿ ಸರ್, ನನ್ನ ಮಾತ ಬಿಲ್ಲು ಅಂತ."

ಗಂಗಾಧರ ನಕ್ಕ. ಅವನ ನಗು ನನಗೆ ಬಲ ಕೊಟ್ಟಿತು. ಎಲ್ಲರಿಗೂ ಕೇಳುವಂತೆ ಹೇಳಿದೆ: "ಕದ್ದ ಮಾಲಿಗೆ ಹಿಂಗ ಲಾಕ್ ಬಿದ್ದಿರತೈತಿ. ಎಲ್ಲಿಂದ ತಂದೀಯೋ ಅಲ್ಲೇ ಹೋಗಿ ಕೇಳು."

ನೀನು ಅಳಲಿಲ್ಲ. ಮಷೀನನ್ನು ಮುಚ್ಚಿ ಟವೆಲ್ಲಿನಲ್ಲಿ ಸುತ್ತಿದೆ. ಮಸ್ಕಿಯ ಗೊಬ್ಬರದ ಅಂಗಡಿಯವನು ಜಾಗ ಬಿಟ್ಟು ಪಕ್ಕಕ್ಕೆ ಸರಿದ, ನೀನು ತಾಗದಂತೆ. ನೀನು ಹೋದ ಮೇಲೆ ನಾನು ಹಳದಿ ಬಟ್ಟೆ ತೆಗೆದು ಕೌಂಟರ್ ಒರೆಸಿದೆ.

ಇಲ್ಲಿಗೆ ನಿಂತಿದ್ದರೂ ನಾನು ಕೆಟ್ಟವನೇ. ನಿಲ್ಲಲಿಲ್ಲ.

ಮಂಗಳವಾರ ಮಧ್ಯಾಹ್ನ ಲಿಂಗಸುಗೂರಿನ ಆ ಶಾಲೆಯ ಹೆಡ್ ಕ್ಲರ್ಕರ ಫೋನು ಬಂತು. ಶಾಲೆಯ ಕಂಪ್ಯೂಟರ್ ರಿಪೇರಿ ನಾನೇ ಮಾಡುತ್ತಿದ್ದರಿಂದ ಪರಿಚಯದವರು. "ಏ ವೀರೇಶ, ತುರ್ವಿಹಾಳದ ಹುಲಿಗೆಮ್ಮ ಅಂತ, ನಿನ್ನ ಹೆಸರು ಬರದಾಳ. ನಿನ್ನೆ ಪಾಠ ಭಾರಿ ಮಾಡಿದಳಪ. ಹುಡುಗರು ಎದ್ದು ಹೋಗವಲ್ರು. ಇಕೀನ್ನ ತಗೊಳ್ಳೋದು ಅಂತ ಆಗೈತಿ. ಹೆಂಗ ಹುಡುಗಿ?"

ಪಾಠ ಯಾವುದರ ಮೇಲೆ ಮಾಡಿದಳು ಎಂದು ಕೇಳಿದೆ. "ತನ್ನದ ಲ್ಯಾಪ್‌ಟಾಪ್ ತಂದಿದ್ಲು, ಕರೇದು," ಎಂದರು.

ಆಗ ಹೊಳೆಯಿತು. ಮೂರು ಅಕ್ಷರ ಸಾಕಾಗಿತ್ತು ನಿನಗೆ. ಉಳಿದೆರಡನ್ನು ಹುಡುಕಲು ನಿನಗೆ ಕಷ್ಟವೇನೂ ಇರಲಿಲ್ಲ. ಆ ಪದವನ್ನು ನೀನು ಹುಟ್ಟಿನಿಂದ ಬೆನ್ನ ಹಿಂದೆ ಕೇಳುತ್ತಾ ಬಂದವಳು. ನನ್ನ ಸರ್ ನನಗೆ ಇಟ್ಟ ಹೆಸರು ಇದು ಎಂದು ತಿಳಿದು, ಅದನ್ನೇ ಟೈಪ್ ಮಾಡಿ, ಮಷೀನು ತೆರೆದು, ಶಾಲೆಯ ಮಂದಿಯ ಎದುರು ನಿಂತು ಪಾಠ ಮಾಡಿ ಗೆದ್ದಿದ್ದೆ. ನನ್ನ ಹೆಸರನ್ನು ಅರ್ಜಿಯಿಂದ ಹೊಡೆದು ಹಾಕಿಯೂ ಇರಲಿಲ್ಲ.

ಒಳ್ಳೆಯವನಾಗಿದ್ದರೆ ಅಲ್ಲಿಗೆ ಕರಗಬೇಕಿತ್ತು. ನನಗೆ ಬಂದದ್ದು ಸಿಟ್ಟು — ಸಿಕ್ಕಿಬಿದ್ದವನ ಸಿಟ್ಟು. ಇವಳಿಗೆ ನನ್ನ ಗುಟ್ಟು ಗೊತ್ತು, ಇವಳು ಮೇಲೆ ಹೋದರೆ ನಾನು ಇವಳ ಮುಂದೆ ಯಾವ ಮುಖ ಹೊತ್ತು... ಹೀಗೆ ಏನೇನೋ. ಬಾಯಿ ಮಾತ್ರ ಬಲು ಸಮಾಧಾನದಲ್ಲಿ ಮಾತಾಡಿತು.

"ಶಾಣ್ಯಾ ಅದಾಳ್ರಿ, ಅದರಾಗ ಎರಡು ಮಾತಿಲ್ಲ," ಎಂದೆ. ಆಮೇಲೆ ಬೇಕೆಂದೇ ತಡೆದೆ. "ಆದ್ರ ಆ ಲ್ಯಾಪ್‌ಟಾಪ್ ಎಲ್ಲಿಂದ ತಂದಾಳೋ ನನಗ ಗೊತ್ತಿಲ್ರಿ. ಲಾಕ್ ಬಿದ್ದಿದ್ದು ಹಿಡಕೊಂಡು ಮೊನ್ನೆ ನನ್ನ ಹತ್ರ ಬಂದಿದ್ಲು, ನಾ ಮುಟ್ಟಲಿಲ್ಲ. ಮತ್ತ ನಿಮ್ಮದು ಸಣ್ಣ ಮಕ್ಕಳ ಸಾಲಿ. ಆ ಕೈಲೆ ಮಕ್ಕಳ ಬೆರಳು ಹಿಡದು ಕಲಸ್ತಾಳ. ತಾಯಿ ತಂದಿ ಏನಂತಾರ, ನೀವ ವಿಚಾರ ಮಾಡ್ರಿ."

"ಹೌದಲ್ಲ," ಎಂದರು. "ಅದೂ ಖರೇನ." ಫೋನು ಇಟ್ಟರು.

ಅಷ್ಟೇ. ನಾನು ಅರ್ಧಕ್ಕೆ ಬಿಟ್ಟಿದ್ದ ಪ್ರಿಂಟರನ್ನು ಮತ್ತೆ ಕೈಗೆತ್ತಿಕೊಂಡೆ. ಅದು ಆ ದಿನವೇ ಸರಿಯಾಯಿತು ಎಂಬುದೂ ನೆನಪಿದೆ.

ಆ ನೌಕರಿ ನಿನಗೆ ಬರಲಿಲ್ಲ. ಕದ್ದ ಮಾಲಿನ ಸುದ್ದಿಯನ್ನು ಗೊಬ್ಬರದ ಅಂಗಡಿಯವನು ನನಗಿಂತ ಮೊದಲೇ ಮಸ್ಕಿಗೆ ಮುಟ್ಟಿಸಿದ್ದ. ಕೆಲವು ತಿಂಗಳು ನಿನ್ನ ಅಂಗಡಿಗೆ ಮಂದಿ ಬರುವುದು ಕಡಿಮೆಯಾಗಿತ್ತು ಎಂದು ಗಂಗಾಧರ ಬಂದು ಹೇಳುತ್ತಿದ್ದ, ಕ್ರಿಕೆಟ್ ಸ್ಕೋರು ಹೇಳುವ ಹಾಗೆ. ನಾನು ಕೇಳುತ್ತಿದ್ದೆ. ಬೇಡ ಎನ್ನುತ್ತಿರಲಿಲ್ಲ. ಆ ಸಲ ಕಾಲುವೆಗೆ ನೀರು ಬಿಟ್ಟ ಮೇಲೆ ಬೈಕಿನಲ್ಲಿ ತುರ್ವಿಹಾಳದ ಕಡೆ ಹೋಗುವುದಿತ್ತು. ರಸ್ತೆಯ ಎರಡೂ ಬದಿ ನಾಟಿ ನಡೆದಿತ್ತು. ಬಗ್ಗಿದ ಹೆಂಗಸರ ಸಾಲು, ಮುಖ ಕಾಣದು, ಬೆನ್ನು ಮಾತ್ರ ಕಾಣುತ್ತದೆ. ಅವರಲ್ಲಿ ಯಾವುದು ನಿನ್ನ ಅವ್ವನ ಬೆನ್ನೋ ಎಂದು ಒಮ್ಮೆ ಅನಿಸಿತು. ಗಾಡಿ ಜೋರು ಮಾಡಿದೆ.

ಎಷ್ಟೋ ಸಲ ನನ್ನನ್ನು ನಾನೇ ಬಿಡಿಸಿಕೊಳ್ಳಲು ನೋಡಿದ್ದೇನೆ. ಪದ ಗಂಗಾಧರನದು ಎಂದುಕೊಂಡೆ. ಒತ್ತಿದ ಬೆರಳು ಯಾರದು? ಹೆದರಿಕೆಯಿಂದ ಸುಳ್ಳು ಹೇಳಿದೆ ಎಂದುಕೊಂಡೆ. ಫೋನಿನಲ್ಲಿ ಯಾವ ಹೆದರಿಕೆ ಇತ್ತು? ಯಾರೂ ಎದುರಿಗಿರಲಿಲ್ಲ, ನಗುವವರೂ ಇರಲಿಲ್ಲ. ಊರೇ ಹಾಗೆ ನೋಡುತ್ತದೆ, ನಾನೊಬ್ಬನೇ ಏನು ಎಂದುಕೊಂಡೆ. ಊರು ನಿನಗೆ ಬೆರಳು ಓದಲು ಕಲಿಸಿರಲಿಲ್ಲ. ಊರನ್ನು ನೀನು ಸರ್ ಎಂದು ಕರೆದಿರಲಿಲ್ಲ. ಎಲ್ಲಾ ದಾರಿ ಸುತ್ತಿ ನಾನು ನನ್ನ ಕೌಂಟರಿಗೇ ಬಂದು ನಿಲ್ಲುತ್ತೇನೆ.

ಮೊನ್ನೆ ಮೊನ್ನೆ, ತಿಂಗಳೂ ಕಳೆದಿಲ್ಲ, ನನ್ನ ತಮ್ಮ ಅಮರೇಶ ಮಸ್ಕಿಗೆ ಕರೆದ. ನಮ್ಮ ಅಪ್ಪನ ಹೊಲ ಆ ತಾಲೂಕಿನಲ್ಲಿದೆ, ಅದನ್ನು ಅವನ ಹೆಸರಿಗೆ ಮಾಡಿಸುವ ಅರ್ಜಿ ಹಾಕಬೇಕಿತ್ತು. ನನ್ನ ಅಂಗಡಿಯಲ್ಲೇ ಹಾಕೋಣ ಎಂದೆ. ಅವನು ಒಪ್ಪಲಿಲ್ಲ: "ಹುಲಿಗೆಮ್ಮನ ಹತ್ರ ಹಾಕಿದ್ರ ಅರ್ಜಿ ತಿರುಗಿ ಬರಂಗಿಲ್ಲಣ್ಣ. ನೀನೂ ಸಹಿ ಮಾಡಬೇಕು, ಬಾ." ಹೋಗಬಾರದು ಎಂದು ಮನಸ್ಸು ಹೇಳಿತು. ತಮ್ಮನಿಗೆ ಯಾಕೆ ಎಂದು ಹೇಳಲಾಗದೆ ಹೋದೆ.

ಬೆಳಿಗ್ಗೆ ಒಂಬತ್ತರ ಹೊತ್ತು, ನೀನು ಆಗತಾನೆ ಅಂಗಡಿ ತೆರೆದು ಕಸ ಗುಡಿಸಿದ್ದೆ. ಗೋಡೆ ಬದಿಗೆ ಎರಡು ಹೊಸ ಕಂಪ್ಯೂಟರ್, ಅವುಗಳ ಮುಂದೆ ಇಬ್ಬರು ಹೆಣ್ಣುಮಕ್ಕಳು ಕೆಲಸಕ್ಕೆ ಕೂತಿದ್ದರು. ಬಾಗಿಲಲ್ಲಿ ಆಗಲೇ ಏಳೆಂಟು ಜನ. ನಿನ್ನ ಮೇಜಿನ ಮೇಲೆ ಮಾತ್ರ ಅದೇ ಕರಿಯ ಲ್ಯಾಪ್‌ಟಾಪ್. ಬಿಳಿ ಮಚ್ಚೆ ಈಗ ಮೊಣಕೈವರೆಗೆ ಏರಿದೆ. ನೀನು ತೋಳು ಮುಚ್ಚುವ ಗೋಜಿಗೆ ಹೋಗಿಲ್ಲ. ನನ್ನನ್ನು ನೋಡಿ ನಿನ್ನ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಬರ್ರಿ ಸರ್, ಕೂಡ್ರಿ," ಎಂದೆ.

ಮಷೀನು ಚಾಲು ಮಾಡಿದೆ. ಆಮೇಲೆ ಅದನ್ನು ಮೇಜಿನ ಮೇಲೆ ನಿಧಾನವಾಗಿ ತಿರುಗಿಸಿದೆ — ಪರದೆ ಗೋಡೆಯ ಕಡೆಗೆ, ಕೀಬೋರ್ಡ್ ನನಗೆ ಕಾಣುವ ಹಾಗೆ. ನಿನ್ನ ಬಿಳಿ ಬೆರಳು ಒಂದೊಂದೇ ಕೀಲಿಯ ಮೇಲೆ ಹೋಗಿ ನಿಂತು ಒತ್ತಿತು. ಐದು ಅಕ್ಷರ. ನಾಲ್ಕನೆಯದಕ್ಕೆ ಬೆರಳು ಎದ್ದು ಮತ್ತೆ ಅದೇ ಕೀಲಿಯ ಮೇಲೆ ಬಿತ್ತು.

"ಓದಿದ್ರೇನು ಸರ್?"

ನನ್ನದೇ ಮಾತು, ನನ್ನದೇ ಧಾಟಿ. ಅಮರೇಶ ಮೊಬೈಲ್ ನೋಡುತ್ತಿದ್ದ, ಅವನಿಗೆ ಏನೂ ತಿಳಿಯಲಿಲ್ಲ. ಆಗಲಾದರೂ ತಪ್ಪಾಯಿತು ಎನ್ನಬಹುದಿತ್ತು. ನಾನು ಏನು ಹೇಳಿದೆ ಗೊತ್ತೇ? ನಿನಗೆ ಗೊತ್ತು, ಓದುವವರಿಗೆ ಹೇಳುತ್ತೇನೆ. "ಅದರ ಸೆಲ್ ಹೋಗೈತಿ," ಎಂದೆ. "ಹೊಸಾದು ಹಾಕಿದ್ರ ದಿನಾ ಕೇಳಂಗಿಲ್ಲ."

"ಗೊತ್ತೈತ್ರಿ. ಬೀಗ ತೆಗಿಯಾಕೂ ಬರತೈತಿ," ಎಂದೆ ನೀನು. "ತೆಗದಿಲ್ಲ."

ಆರು ವರ್ಷ. ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆರೆದು, ದೇವರಿಗೆ ಊದಿನಕಡ್ಡಿ ಹಚ್ಚಿ, ಆ ಪದ ಟೈಪ್ ಮಾಡಿ, ತಾರೀಖು ತಿದ್ದಿ, ಆಮೇಲೆ ಮಂದಿಯ ಅರ್ಜಿಗೆ ಕೈ ಹಾಕಿದ್ದೀ. ಯಾಕೆ ಎಂದು ಕೇಳುವ ಯೋಗ್ಯತೆ ನನಗಿಲ್ಲ. ಅದನ್ನು ನಿನ್ನ ಸಿಟ್ಟು ಎನ್ನಲೋ, ಹಟ ಎನ್ನಲೋ... ನಾನು ಹೆಸರಿಡುವುದು ಬೇಡ. ಒಮ್ಮೆ ಇಟ್ಟದ್ದೇ ಸಾಕು.

"ನಾ ತೆಗದು ಕೊಡ್ಲೇನು?" ಎನ್ನುತ್ತಾ ಮಷೀನಿನ ಕಡೆ ಕೈ ಚಾಚಿದೆ.

ನೀನು ಅದನ್ನು ನಿನ್ನ ಕಡೆ ಎಳೆದುಕೊಂಡೆ. ದನಿ ಎತ್ತರಿಸಲಿಲ್ಲ.

"ಮುಟ್ಟಬ್ಯಾಡ್ರಿ ಸರ್."

ಆಮೇಲೆ ನನ್ನ ತಮ್ಮನ ಕಡೆ ತಿರುಗಿ, "ಅರ್ಜಿದಾರರ ಹೆಸರು ಹೇಳ್ರಿ," ಎಂದೆ. ಒಂದು ಅಕ್ಷರ ತಪ್ಪದೆ ಅರ್ಜಿ ತುಂಬಿದೆ. ನನ್ನ ಸಹಿ ಎಲ್ಲಿ ಹಾಕಬೇಕೋ ಅಲ್ಲಿ ಪೆನ್ನಿನ ತುದಿಯಿಂದ ತೋರಿಸಿದೆ. ವಾಪಸ್ಸು ಬರುವಾಗ ಗಾಡಿಯ ಮೇಲೆ ಅಮರೇಶ ಕೇಳಿದ, ಆಕೆ ಯಾಕೆ ಹಾಗೆಂದಳು ಎಂದು. "ಹಳೆ ಮಷೀನು, ನಾಜೂಕೈತಿ," ಎಂದೆ. ಅಷ್ಟಾದ ಮೇಲೂ ನನ್ನ ಬಾಯಿಗೆ ಸುಳ್ಳೇ ಸಲೀಸು.

ಎಂಟು ದಿನ ಬಿಟ್ಟು ಲಿಂಗಸುಗೂರಿಗೆ ಹೋದೆ. ಆ ಹೆಡ್ ಕ್ಲರ್ಕರು ನಿವೃತ್ತರಾಗಿ ಮನೆಯಲ್ಲಿದ್ದಾರೆ. ಜಗಲಿಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಆರು ವರ್ಷದ ಹಿಂದೆ ಫೋನಿನಲ್ಲಿ ಹೇಳಿದ್ದು ಸುಳ್ಳು, ಹುಲಿಗೆಮ್ಮನಿಗೆ ಲ್ಯಾಪ್‌ಟಾಪ್ ಮಾರಿದ್ದು ನಾನೇ, ಅವಳ ಕೈಯಿಂದ ಯಾರಿಗೂ ಏನೂ ಅಂಟುವುದಿಲ್ಲ ಎಂದೆ. ಅವರು ನನ್ನ ಮುಖ ನೋಡಿದರು. "ಯಾವ ಹುಲಿಗೆಮ್ಮ?" ಎಂದರು. ಗುರುತು ಹೇಳಿದೆ. ಹೆಸರು ನೆನಪಾಗಲಿಲ್ಲ, ಪಾಠ ನೆನಪಾಗಲಿಲ್ಲ. ಆಮೇಲೆ ಒಮ್ಮೆಲೇ ತಲೆಯಾಡಿಸಿ, "ಹಾಂ, ಆ ಹುಡುಗೀನಾ," ಎಂದು ನಾನು ಬೀಗಕ್ಕೆ ಹಾಕಿದ ಅದೇ ಪದ ಹೇಳಿದರು. "ಈಗ್ಯಾಕ ಅದು? ಆ ಜಾಗಕ್ಕ ಬಂದವನೂ ಬಿಟ್ಟು ಹೋದ. ಕಂಪ್ಯೂಟರ್ ರೂಮಿನ್ಯಾಗ ಈಗ ಮುರಕ ಬೆಂಚು ತುಂಬ್ಯಾರ." ನನ್ನ ಮುಂದೆ ಒಂದು ಹಿಡಿ ಶೇಂಗಾ ಸರಿಸಿದರು.

ನಿನ್ನ ಅವ್ವನಿಗೆ ನಾಟಿ ಬಿಡಿಸಬೇಕಿದ್ದ ನೌಕರಿಯ ಜಾಗದಲ್ಲಿ ಈಗ ಆ ಮುರುಕು ಬೆಂಚುಗಳು. ಇದು ನಾನು ಮಾಡಿದ್ದು.

ಅಂಗಡಿಗೆ ಬಂದು ಒಂದು ಬಿಲ್ಲು ಬರೆದೆ. ಹಳೆಯ ಲ್ಯಾಪ್‌ಟಾಪ್ ಒಂದು, ಕರಿಯದು, ತುರ್ವಿಹಾಳದ ಹುಲಿಗೆಮ್ಮ ಅವರಿಗೆ ನಾನೇ ಮಾರಿದ್ದೇನೆ, ಕದ್ದ ಮಾಲು ಎಂದು ಹೇಳಿದ್ದು ಸುಳ್ಳು ಎಂದು ಬರೆದು, ಸಹಿ ಮಾಡಿ, ಕೌಂಟರಿನ ಗಾಜಿಗೆ ಹೊರಮುಖವಾಗಿ ಅಂಟಿಸಿದ್ದೇನೆ. ಗಂಗಾಧರ ಓದಿ, "ತಲಿ ಕೆಟ್ಟೈತೇನಲೇ," ಎಂದ. ಅವನು ಈಗ ಚಹಾಕ್ಕೆ ಬರುವುದಿಲ್ಲ. ಬೀಗ ಹಾಕಿ ಮಾರಿದ ಉಳಿದ ಮಷೀನುಗಳ ಮಾಲೀಕರಿಗೆ ಒಬ್ಬೊಬ್ಬರಿಗೇ ಫೋನು ಮಾಡಿ ಪದ ಹೇಳುತ್ತಿದ್ದೇನೆ. ಅವರೆಲ್ಲ ತಮ್ಮ ಊರಿನ ಹೆಸರು ಕೇಳಿ ನಗುತ್ತಾರೆ.

ಇದರಿಂದ ನಿನಗೆ ಏನೂ ವಾಪಸ್ಸು ಬರುವುದಿಲ್ಲ, ಅದು ನನಗೆ ಗೊತ್ತು. ಕ್ಷಮಿಸು ಎಂದು ಕೇಳುವುದಿಲ್ಲ. ಅದೂ ನಿನ್ನ ಕೈಯಿಂದ ನನ್ನ ಕೆಲಸ ಮಾಡಿಸಿಕೊಂಡಂತೆ.

ನಾಳೆ ಬೆಳಿಗ್ಗೆ ನೀನು ಅಂಗಡಿ ತೆರೆಯುತ್ತೀ. ಮಷೀನು ಪದ ಕೇಳುತ್ತದೆ. ಬಾಗಿಲಲ್ಲಿ ಮಂದಿ ಕಾಯುತ್ತಿರುತ್ತಾರೆ. ನೀನು ಆ ಐದು ಅಕ್ಷರ ಒತ್ತುತ್ತೀ. ಮೂರು ತಾಲೂಕಿನ ಬೀಗ ತೆಗೆದವನು ನಾನು. ಅದೊಂದನ್ನು ಮುಟ್ಟುವುದಿಲ್ಲ.